ವಿಕಿಯ ಇತಿಹಾಸ ಪುಟ ಬ್ಯಾಕಪ್ ಅಲ್ಲ

2010ರ ಡಿಸೆಂಬರ್‌ನಲ್ಲಿ ವಿಕಿಮೀಡಿಯ ಪ್ರತಿಷ್ಠಾನದ ತಂತ್ರಜ್ಞ ಟಿಮ್ ಸ್ಟಾರ್ಲಿಂಗ್ ಹಳೆಯ ಕಡತಗಳನ್ನು ಜಾಲಾಡುತ್ತಿದ್ದಾಗ ಒಂದು ಸಂಕುಚಿತ ಕಡತ ಕಣ್ಣಿಗೆ ಬಿತ್ತು. ಬಿಚ್ಚಿ ನೋಡಿದರೆ ಅದರಲ್ಲಿ ವಿಕಿಪೀಡಿಯದ ಪೂರ್ತಿ ಪಠ್ಯದ ಮೂರು ಪ್ರತಿಗಳಿದ್ದವು. ಒಂದು 2001ರ ಫೆಬ್ರವರಿಯದು, ಇನ್ನೊಂದು ಮಾರ್ಚ್‌ನದು, ಮತ್ತೊಂದು ಆಗಸ್ಟ್‌ನದು. ವಿಕಿಪೀಡಿಯ ಹುಟ್ಟಿದ್ದು ಅದೇ ವರ್ಷದ ಜನವರಿ 15ರಂದು. ಆ ಮೊದಲ ತಿಂಗಳುಗಳಲ್ಲಿ ಯಾರು ಯಾವ ಪುಟದಲ್ಲಿ ಏನು ಬರೆದರು ಎಂಬ ದಾಖಲೆಯ ಬಹುಭಾಗ ಕಳೆದೇಹೋಗಿದೆ ಎಂದು ಅಲ್ಲಿಯವರೆಗೆ ಎಲ್ಲರೂ ತಿಳಿದಿದ್ದರು. ಆಗ ಬಳಸುತ್ತಿದ್ದ ಯೂಸ್‌ಮಾಡ್‌ವಿಕಿ ಎಂಬ ತಂತ್ರಾಂಶ ಹಳೆಯ ಆವೃತ್ತಿಗಳನ್ನು ಕೆಲವು ದಿನ ಮಾತ್ರ ಉಳಿಸಿಕೊಂಡು, ಆಮೇಲೆ ಅಳಿಸಿಹಾಕುತ್ತಿತ್ತು. ಡಿಸ್ಕಿನ ಜಾಗ ಉಳಿಸಲೆಂದು ಮಾಡಿದ್ದ ಏರ್ಪಾಡು ಅದು.

ಜಗತ್ತಿನ ಅತಿ ದೊಡ್ಡ ವಿಶ್ವಕೋಶಕ್ಕೆ ತನ್ನ ಬಾಲ್ಯದ ದಾಖಲೆ ಹೀಗೆ ಅದೃಷ್ಟದಿಂದ ಮರಳಿ ಸಿಕ್ಕಿತು. ಯಾರೋ ಒಬ್ಬರು ಆ ಹೊತ್ತಿಗೆ ಪ್ರತಿ ತೆಗೆದಿಟ್ಟಿದ್ದರು, ಅದು ಒಂಬತ್ತು ವರ್ಷ ಹಾಳಾಗದೆ ಉಳಿದಿತ್ತು. ಅಂಥ ಅದೃಷ್ಟವನ್ನು ನಂಬಿ ವಿಕಿ ನಡೆಸಲಾಗದು. ಕನ್ನಡ ವಿಕಿಪೀಡಿಯ 2003ರಿಂದ ನಡೆಯುತ್ತಿದೆ. ಅದರ ಸರ್ವರ್, ಡೇಟಾಬೇಸ್, ಬ್ಯಾಕಪ್ಪುಗಳನ್ನು ವಿಕಿಮೀಡಿಯ ಪ್ರತಿಷ್ಠಾನದ ಎಂಜಿನಿಯರುಗಳು ನೋಡಿಕೊಳ್ಳುತ್ತಾರೆ. ಆದರೆ ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶ ಉಚಿತ ಮತ್ತು ಮುಕ್ತ. ಕಾಲೇಜಿನ ವಿಭಾಗ, ಊರಿನ ಇತಿಹಾಸ ಕಲೆಹಾಕುವ ಗೆಳೆಯರ ಬಳಗ, ಗ್ರಂಥಾಲಯ, ಸಣ್ಣ ಕಂಪನಿ, ಯಾರು ಬೇಕಾದರೂ ಬಾಡಿಗೆ ಸರ್ವರಿನಲ್ಲಿ ಅದನ್ನು ಹಾಕಿಕೊಂಡು ತಮ್ಮದೇ ವಿಕಿ ಕಟ್ಟಬಹುದು. ಅಂಥ ವಿಕಿಗಳಿಗೆ ಪ್ರತಿಷ್ಠಾನವೂ ಇಲ್ಲ, ಎಂಜಿನಿಯರುಗಳ ಪಡೆಯೂ ಇಲ್ಲ. ಬಹುತೇಕ ಕಡೆ ಇರುವುದು ಉತ್ಸಾಹಿಯಾದ ಒಬ್ಬ ನಿರ್ವಾಹಕ ಮಾತ್ರ. ಈ ಬರಹ ಅಂಥವರಿಗಾಗಿ.

ವಾರ್ಡ್ ಕನಿಂಗ್‌ಹ್ಯಾಮ್ ಮೊದಲ ವಿಕಿಯನ್ನು ಸಾರ್ವಜನಿಕರಿಗೆ ತೆರೆದಿಟ್ಟದ್ದು 1995ರ ಮಾರ್ಚ್ 25ರಂದು. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು ಎಂಬುದು ಅದರ ಮೂಲ ಹೂರಣ. ತಪ್ಪು ನಡೆಯದಂತೆ ಬಾಗಿಲು ಹಾಕಿಕೊಂಡು ಕೂರುವ ಬದಲು, ನಡೆದ ತಪ್ಪನ್ನು ಸರಿಪಡಿಸುವುದನ್ನು ಸುಲಭ ಮಾಡಿಬಿಡಬೇಕು ಎಂಬ ನಂಬಿಕೆ ಅದರ ಹಿಂದಿದೆ. ಆಮೇಲೆ ಬಂದ ತಂತ್ರಾಂಶಗಳು ಈ ನಂಬಿಕೆಗೆ ಗಟ್ಟಿ ಆಧಾರ ಕೊಟ್ಟವು. 2002ರಲ್ಲಿ ಮೊದಲು ಮ್ಯಾಗ್ನಸ್ ಮಾನ್‌ಸ್ಕೆ, ಅದೇ ವರ್ಷ ಮತ್ತೆ ಲೀ ಡ್ಯಾನಿಯಲ್ ಕ್ರಾಕರ್ ಬರೆದ ಹೊಸ ತಂತ್ರಾಂಶಗಳು ವಿಕಿಪೀಡಿಯದಲ್ಲಿ ಬಳಕೆಗೆ ಬಂದವು. ಇಂದಿನ ಮೀಡಿಯಾವಿಕಿ ಬೆಳೆದು ಬಂದದ್ದು ಎರಡನೆಯದರಿಂದಲೇ. ಇದರಲ್ಲಿ ಪುಟಗಳು ಡೇಟಾಬೇಸಿನಲ್ಲಿ ಕೂರುತ್ತವೆ. ಒಂದು ಅಲ್ಪವಿರಾಮ ತಿದ್ದಿದರೂ ಹೊಸ ಆವೃತ್ತಿ ದಾಖಲಾಗುತ್ತದೆ, ಹಳೆಯದು ಹಾಗೇ ಉಳಿಯುತ್ತದೆ. ಯಾವ ದಿನ, ಯಾವ ಗಂಟೆಗೆ, ಯಾರು, ಏನು ಬದಲಿಸಿದರು ಎಂಬುದೆಲ್ಲ ಪುಟದ ‘ಇತಿಹಾಸ’ದಲ್ಲಿ ಸಿಗುತ್ತದೆ.

ನಿರ್ವಾಹಕರ ದಿನನಿತ್ಯದ ಕೆಲಸ ನಡೆಯುವುದು ಈ ಇತಿಹಾಸದ ಬಲದಿಂದ. ‘ಇತ್ತೀಚೆಗಿನ ಬದಲಾವಣೆಗಳು’ ಪುಟ ತೆರೆದು ಹೊಸ ಸಂಪಾದನೆಗಳನ್ನು ಒಂದೊಂದಾಗಿ ನೋಡುತ್ತಾರೆ. ಕಿಡಿಗೇಡಿತನ ಕಂಡರೆ ಒಂದು ಕ್ಲಿಕ್ಕಿನಲ್ಲಿ ಹಿಂದಿನ ಆವೃತ್ತಿಗೆ ತರುತ್ತಾರೆ. ಪದೇ ಪದೇ ಹಾಳುಗೆಡಹುವವರನ್ನು ತಡೆಯುತ್ತಾರೆ, ವಿವಾದದ ಪುಟಕ್ಕೆ ಬೀಗ ಹಾಕುತ್ತಾರೆ, ಬೇಡದ ಪುಟವನ್ನು ಅಳಿಸುತ್ತಾರೆ. ಹಾಗೆ ಅಳಿಸಿದ ಪುಟವೂ ನಿಜವಾಗಿ ಎಲ್ಲಿಗೂ ಹೋಗುವುದಿಲ್ಲ. ಡೇಟಾಬೇಸಿನ ಇನ್ನೊಂದು ಕೋಷ್ಟಕಕ್ಕೆ ಸರಿಯುತ್ತದೆ, ನಿರ್ವಾಹಕರು ಮನಸ್ಸು ಮಾಡಿದರೆ ಮರಳಿ ತರಬಹುದು.

ಕೆಲವು ತಿಂಗಳು ಈ ಕೆಲಸ ಮಾಡಿದವರ ಮನಸ್ಸಿನಲ್ಲಿ ಒಂದು ಭರವಸೆ ಬೇರೂರುತ್ತದೆ: ವಿಕಿಯಲ್ಲಿ ಏನೂ ಕಳೆದುಹೋಗುವುದಿಲ್ಲ. ಈ ಭರವಸೆಯೇ ಅಪಾಯಕಾರಿ. ವಿಕಿಯ ಇತಿಹಾಸ ಕಾಪಾಡುವುದು ವಿಕಿಯ ಒಳಗೆ ನಡೆದ ತಪ್ಪುಗಳಿಂದ ಮಾತ್ರ. ಹತ್ತು ವರ್ಷದ ಎಲ್ಲ ಆವೃತ್ತಿಗಳೂ, ಅಳಿಸಿದ ಪುಟಗಳೂ, ಅವುಗಳ ಬಗ್ಗೆ ನಡೆದ ಚರ್ಚೆಗಳೂ ಕುಳಿತಿರುವುದು ಒಂದೇ ಡೇಟಾಬೇಸಿನಲ್ಲಿ. ಅದು ಇರುವ ಡಿಸ್ಕ್ ಕೆಟ್ಟರೆ, ಸರ್ವರಿಗೆ ಯಾರಾದರೂ ನುಗ್ಗಿ ಎಲ್ಲವನ್ನೂ ಒರೆಸಿಹಾಕಿದರೆ, ಬಾಡಿಗೆ ಕಟ್ಟಲು ಮರೆತು ಹೋಸ್ಟಿಂಗ್ ಸಂಸ್ಥೆ ಖಾತೆ ಮುಚ್ಚಿದರೆ, ಲೇಖನವೂ ಹೋಗುತ್ತದೆ, ಅದರ ಇತಿಹಾಸವೂ ಅದೇ ಗಳಿಗೆಯಲ್ಲಿ ಹೋಗುತ್ತದೆ. ನನ್ನ ಮಾತಿನ ತಿರುಳು ಇಷ್ಟೇ: ವಿಕಿಯ ಬ್ಯಾಕಪ್ ವಿಕಿಯ ಹೊರಗಿರಬೇಕು, ಮತ್ತು ಅದರಿಂದ ವಿಕಿಯನ್ನು ಮತ್ತೆ ಎಬ್ಬಿಸಿ ನಿಲ್ಲಿಸಬಹುದು ಎಂಬುದನ್ನು ನಾವು ಕಣ್ಣಾರೆ ಕಂಡಿರಬೇಕು.

ಹಾಗಾದರೆ ಏನನ್ನು ತೆಗೆದಿಡಬೇಕು? ಮೀಡಿಯಾವಿಕಿ ತಾಣದಲ್ಲಿ ಮುಖ್ಯವಾಗಿ ಮೂರು ಭಾಗಗಳಿವೆ. ಮೊದಲನೆಯದು ಡೇಟಾಬೇಸ್. ಸಾಮಾನ್ಯವಾಗಿ ಅದು ಮೈಎಸ್‌ಕ್ಯೂಎಲ್ ಅಥವಾ ಮರಿಯಾಡಿಬಿ ಆಗಿರುತ್ತದೆ. ಪುಟಗಳ ಪಠ್ಯ, ಇತಿಹಾಸ, ಬಳಕೆದಾರರ ಖಾತೆ, ಅನುಮತಿ ಎಲ್ಲವೂ ಅಲ್ಲಿರುತ್ತವೆ. ಎರಡನೆಯದು ‘ಇಮೇಜಸ್’ ಎಂಬ ಫೋಲ್ಡರ್. ಬಳಕೆದಾರರು ಏರಿಸಿದ ಚಿತ್ರ, ಪಿಡಿಎಫ್, ಧ್ವನಿಮುದ್ರಿಕೆಗಳೆಲ್ಲ ಈ ಫೋಲ್ಡರಿನಲ್ಲಿರುತ್ತವೆ, ಡೇಟಾಬೇಸಿನಲ್ಲಿ ಇರುವುದಿಲ್ಲ. ಮೂರನೆಯದು ‘ಲೋಕಲ್‌ಸೆಟ್ಟಿಂಗ್ಸ್’ ಎಂಬ ಸಂಯೋಜನೆ ಕಡತ ಹಾಗೂ ಅದರ ಜೊತೆ ನಾವು ಹಾಕಿಕೊಂಡ ವಿಸ್ತರಣೆಗಳು. ತಾಣದ ಹೆಸರು, ಭಾಷೆ, ಯಾರಿಗೆ ಯಾವ ಅಧಿಕಾರ, ಯಾವ ವಿಸ್ತರಣೆ ಚಾಲೂ ಇದೆ ಎಂಬುದನ್ನೆಲ್ಲ ಈ ಒಂದು ಕಡತ ಹೇಳುತ್ತದೆ. ಡೇಟಾಬೇಸನ್ನು ಮಾತ್ರ ಉಳಿಸಿದವರಿಗೆ ಪಠ್ಯ ಮರಳುತ್ತದೆ. ಚಿತ್ರಗಳಿರಬೇಕಾದ ಜಾಗದಲ್ಲಿ ಕೆಂಪು ಕೊಂಡಿಯೋ ಖಾಲಿ ಚೌಕವೋ ಕಾಣುತ್ತದೆ. ಊರಿನ ಹಳೆಯ ಶಾಸನ, ಹಸ್ತಪ್ರತಿಗಳ ಫೋಟೊಗಳೇ ಜೀವಾಳವಾದ ವಿಕಿಗೆ ಅದು ಅರ್ಧ ಸಾವು.

ಡೇಟಾಬೇಸಿನ ಪ್ರತಿ ತೆಗೆಯಲು ಮೈಎಸ್‌ಕ್ಯೂಎಲ್‌ಡಂಪ್ ಎಂಬ ಸಾಧನ ಜೊತೆಗೇ ಬರುತ್ತದೆ. ಪ್ರತಿ ತೆಗೆಯುತ್ತಿರುವಾಗಲೇ ಯಾರಾದರೂ ಸಂಪಾದನೆ ಮಾಡಿದರೆ, ಒಂದು ಕೋಷ್ಟಕದಲ್ಲಿ ಹಳೆಯ ಸ್ಥಿತಿ, ಇನ್ನೊಂದರಲ್ಲಿ ಹೊಸ ಸ್ಥಿತಿ ದಾಖಲಾಗಿ ಪ್ರತಿ ಹದಗೆಡಬಹುದು. ಎಲ್ಲವನ್ನೂ ಒಂದೇ ಕ್ಷಣದ ಚಿತ್ರವಾಗಿ ಹಿಡಿಯುವ ‘ಸಿಂಗಲ್ ಟ್ರಾನ್ಸಾಕ್ಷನ್’ ಎಂಬ ಆಯ್ಕೆ ಅದರಲ್ಲಿದೆ; ಅದನ್ನು ಬಳಸಬೇಕು. ಇನ್ನೂ ಖಚಿತ ಬೇಕೆಂದರೆ ಸಂಯೋಜನೆ ಕಡತದಲ್ಲಿ ಒಂದು ಸಾಲು ಸೇರಿಸಿ, ಆ ಹೊತ್ತಿಗೆ ವಿಕಿಯನ್ನು ಓದಲು ಮಾತ್ರ ತೆರೆದಿಟ್ಟು, ಕಾರಣವನ್ನು ಬಳಕೆದಾರರಿಗೆ ತೋರಿಸಬಹುದು.

ಕನ್ನಡದ ವಿಕಿಗಳಿಗೆ ಇಲ್ಲಿ ಇನ್ನೊಂದು ಎಚ್ಚರ ಬೇಕು. ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿ ಯೂನಿಕೋಡ್ ಸಂಕೇತಕ್ಕೂ ಮೂರು ಬೈಟ್ ಬೇಕು. ‘ಕನ್ನಡ’ ಎಂಬ ಪದದಲ್ಲಿ ಅಂಥ ಐದು ಸಂಕೇತಗಳಿವೆ: ಕ, ನ, ಒತ್ತಕ್ಷರ ಮೂಡಿಸುವ ಹಲಂತ ಚಿಹ್ನೆ, ಮತ್ತೊಂದು ನ, ಡ. ಒಟ್ಟು ಹದಿನೈದು ಬೈಟ್. ಪ್ರತಿ ತೆಗೆಯುವಾಗ ಅಥವಾ ಮರಳಿ ತುಂಬುವಾಗ ಅಕ್ಷರ ಸಂಕೇತ ಪದ್ಧತಿ ತಪ್ಪಾಗಿ ಹೊಂದಿಕೆಯಾದರೆ ಆ ಹದಿನೈದು ಬೈಟ್‌ಗಳು ಐರೋಪ್ಯ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ, ಇಲ್ಲವೇ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆಗಳಾಗಿಬಿಡುತ್ತವೆ. ಕಲಸಿಹೋದದ್ದನ್ನು ಪರಿಣತರು ಬಹಳ ಸಲ ಬಿಡಿಸಬಲ್ಲರು. ಪ್ರಶ್ನಾರ್ಥಕ ಚಿಹ್ನೆಯಾಗಿ ಬರೆಯಲ್ಪಟ್ಟದ್ದನ್ನು ಯಾರೂ ಮರಳಿ ಕನ್ನಡ ಮಾಡಲಾರರು, ಏಕೆಂದರೆ ಮೂಲ ಬೈಟ್‌ಗಳೇ ಅಲ್ಲಿ ಉಳಿದಿರುವುದಿಲ್ಲ. ಮುಖ್ಯವಾದ ಸಂಗತಿಯೆಂದರೆ, ಇಂಗ್ಲಿಷ್ ಪುಟಗಳಲ್ಲಿ ಈ ದೋಷ ಕಾಣುವುದೇ ಇಲ್ಲ. ಕನ್ನಡ ಓದಲು ಬಾರದ ತಂತ್ರಜ್ಞ ಬ್ಯಾಕಪ್ ಚೆನ್ನಾಗಿದೆ ಎಂದು ಪ್ರಾಮಾಣಿಕವಾಗಿಯೇ ಹೇಳಬಹುದು. ಹಾಗಾಗಿ ಕನ್ನಡ ವಿಕಿಯ ಬ್ಯಾಕಪ್ಪನ್ನು ಕನ್ನಡ ಓದುವ ಕಣ್ಣುಗಳೇ ಪರೀಕ್ಷಿಸಬೇಕು. ಒತ್ತಕ್ಷರ ತುಂಬಿದ ಒಂದು ಪುಟ, ಕನ್ನಡದಲ್ಲೇ ಹೆಸರಿಟ್ಟ ಒಂದು ಚಿತ್ರ, ಕನ್ನಡ ಹೆಸರಿನ ಒಬ್ಬ ಬಳಕೆದಾರರ ಪುಟ, ಈ ಮೂರನ್ನು ನೋಡಿದರೆ ದೋಷವಿದ್ದಲ್ಲಿ ಬೇಗ ಕೈಗೆ ಸಿಗುತ್ತದೆ.

ಡೇಟಾಬೇಸಿನ ಪ್ರತಿಯ ಜೊತೆಗೆ ಎಕ್ಸ್‌ಎಂಎಲ್ ಡಂಪ್ ಎಂಬ ಇನ್ನೊಂದು ಬಗೆಯ ಪ್ರತಿಯನ್ನೂ ಮೀಡಿಯಾವಿಕಿ ತೆಗೆದುಕೊಡುತ್ತದೆ. ಪುಟಗಳೂ ಅವುಗಳ ಎಲ್ಲ ಆವೃತ್ತಿಗಳೂ ಸರಳ ಪಠ್ಯವಾಗಿ ಒಂದೇ ಕಡತದಲ್ಲಿ ಬರುತ್ತವೆ. ಡೇಟಾಬೇಸ್ ಬದಲಾದರೂ, ತಂತ್ರಾಂಶದ ಆವೃತ್ತಿ ಬದಲಾದರೂ ಇದನ್ನು ಮತ್ತೆ ಒಳತರಬಹುದು. ಇಪ್ಪತ್ತು ವರ್ಷದ ನಂತರವೂ ಮನುಷ್ಯರು ತೆರೆದು ಓದಬಹುದು. ಆದರೆ ಬಳಕೆದಾರರ ಖಾತೆ, ಪಾಸ್‌ವರ್ಡ್, ಅಳಿಸಿದ ಪುಟಗಳು ಇದರಲ್ಲಿ ಇರುವುದಿಲ್ಲ. ಚಿತ್ರಗಳನ್ನು ಬೇರೆಯಾಗಿಯೇ ಉಳಿಸಬೇಕು. ನಾಳೆ ಬೆಳಿಗ್ಗೆಯೇ ವಿಕಿಯನ್ನು ಯಥಾಸ್ಥಿತಿಗೆ ತರಲು ಡೇಟಾಬೇಸಿನ ಪ್ರತಿ ಬೇಕು. ಮುಂದಿನ ತಲೆಮಾರಿಗೆ ತಲುಪಿಸಲು ಎಕ್ಸ್‌ಎಂಎಲ್ ಪ್ರತಿ ಬೇಕು. ಎರಡನ್ನೂ ತೆಗೆಯುವುದು ಒಳ್ಳೆಯ ರೂಢಿ.

ಖಾಸಗಿ ವಿವರಗಳಿಲ್ಲದಿರುವುದರಿಂದ ಎಕ್ಸ್‌ಎಂಎಲ್ ಪ್ರತಿಯನ್ನು ಸಾರ್ವಜನಿಕರಿಗೂ ಕೊಡಬಹುದು. ವಿಕಿಮೀಡಿಯ ಮಾಡುವುದು ಇದನ್ನೇ. ಕನ್ನಡ ವಿಕಿಪೀಡಿಯ, ತುಳು ವಿಕಿಪೀಡಿಯ, ಕನ್ನಡ ವಿಕಿಸೋರ್ಸ್ ಸೇರಿದಂತೆ ತನ್ನ ಎಲ್ಲ ವಿಕಿಗಳ ಡಂಪ್‌ಗಳನ್ನು ಅದು ನಿಯಮಿತವಾಗಿ ಪ್ರಕಟಿಸುತ್ತದೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶವನ್ನು 2014ರಲ್ಲಿ ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿದ ಮೇಲೆ ಅದರ ಲೇಖನಗಳು ವಿಕಿಸೋರ್ಸ್ ಸೇರಿದವು. ವಿದ್ವಾಂಸರು ದಶಕಗಳ ಕಾಲ ಬರೆದ ಆ ಬರಹಗಳು ಈಗ ಡಂಪ್ ಇಳಿಸಿಕೊಂಡ ಪ್ರತಿಯೊಬ್ಬರ ಬಳಿಯೂ ಇರಬಲ್ಲವು. ಮುಕ್ತ ಪರವಾನಗಿ ಜ್ಞಾನವನ್ನು ಹಂಚುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅದು ಜ್ಞಾನವನ್ನು ಉಳಿಸುತ್ತದೆ ಎಂಬುದೂ ಅಷ್ಟೇ ನಿಜ.

ಇನ್ನು ಪ್ರತಿಯನ್ನು ಎಲ್ಲಿ ಇಡಬೇಕು ಎಂಬ ಪ್ರಶ್ನೆ. ವಿಕಿ ಇರುವ ಸರ್ವರಿನಲ್ಲೇ ‘ಬ್ಯಾಕಪ್’ ಎಂಬ ಫೋಲ್ಡರ್ ಮಾಡಿ ಅದರಲ್ಲಿ ತುಂಬುವುದು ಬಹಳ ಕಡೆ ಕಾಣುವ ಅಭ್ಯಾಸ. ಸರ್ವರ್ ಹೋದರೆ ಎರಡೂ ಹೋಗುತ್ತವೆ. ಒಂದೇ ಮಾಹಿತಿಯನ್ನು ಎರಡು ಡಿಸ್ಕುಗಳಲ್ಲಿ ಏಕಕಾಲಕ್ಕೆ ಬರೆಯುವ ರೇಡ್ ವ್ಯವಸ್ಥೆ ಇದೆಯಲ್ಲ ಎಂದು ಕೆಲವರು ನಿಶ್ಚಿಂತರಾಗಿರುತ್ತಾರೆ. ಅದು ಡಿಸ್ಕ್ ಕೆಟ್ಟಾಗ ಮಾತ್ರ ನೆರವಿಗೆ ಬರುತ್ತದೆ. ಮಾಹಿತಿಯನ್ನೇ ಅಳಿಸಿದರೆ ಎರಡೂ ಡಿಸ್ಕುಗಳಿಂದ ಒಟ್ಟಿಗೇ ಅಳಿಸಿಹೋಗುತ್ತದೆ. ಜರ್ನಲ್‌ಸ್ಪೇಸ್ ಎಂಬ ಅಮೆರಿಕದ ಬರಹ ತಾಣ ಇಂಥ ಜೋಡಿ ಡಿಸ್ಕನ್ನೇ ನಂಬಿಕೊಂಡಿತ್ತು. ಡೇಟಾಬೇಸ್ ಪೂರ್ತಿ ಅಳಿಸಿಹೋದಾಗ ಬೇರೆ ಪ್ರತಿ ಇಲ್ಲದೆ 2009ರ ಆರಂಭದಲ್ಲಿ ಬಾಗಿಲು ಹಾಕಿತು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕ್ಲೌಡ್ ಸಂಸ್ಥೆಯ ದತ್ತಾಂಶ ಕೇಂದ್ರದ ಒಂದು ಕಟ್ಟಡ ಪೂರ್ತಿ ಸುಟ್ಟುಹೋಯಿತು. ಮೂಲ ತಾಣವೂ ಬ್ಯಾಕಪ್ಪೂ ಅದೇ ಕಟ್ಟಡದಲ್ಲಿದ್ದ ಗ್ರಾಹಕರಿಗೆ ಏನೂ ಉಳಿಯಲಿಲ್ಲ.

ಇದಕ್ಕೆ ಬಲ್ಲವರು ಹೇಳುವ ಸೂತ್ರ 3-2-1. ಛಾಯಾಗ್ರಾಹಕ ಪೀಟರ್ ಕ್ರೋಗ್ ಡಿಜಿಟಲ್ ಚಿತ್ರಗಳ ಸಂರಕ್ಷಣೆಯ ಬಗ್ಗೆ ಬರೆಯುತ್ತ ಇದನ್ನು ಜನಪ್ರಿಯಗೊಳಿಸಿದರು. ಒಟ್ಟು ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಸ್ಥಳದಲ್ಲಿ. ಸಣ್ಣ ವಿಕಿಗೆ ಇದು ದುಬಾರಿಯ ಮಾತಲ್ಲ. ಕೆಲವು ಸಾವಿರ ಪುಟಗಳ ಪಠ್ಯವನ್ನು ಸಂಕುಚಿಸಿದರೆ ಒಂದು ಪೆನ್‌ಡ್ರೈವಿನ ಮೂಲೆಯಲ್ಲಿ ಹಿಡಿಯುತ್ತದೆ. ಸರ್ವರಿನಲ್ಲಿರುವ ಮೂಲ ಒಂದು, ಬೇರೆ ಕಂಪನಿಯ ಕ್ಲೌಡ್ ಸಂಗ್ರಹದಲ್ಲಿ ಒಂದು, ಮನೆಯಲ್ಲೋ ಕಚೇರಿಯಲ್ಲೋ ಕಂಪ್ಯೂಟರಿಗೆ ಸದಾ ಜೋಡಿಸಿಡದ ಹಾರ್ಡ್‌ಡಿಸ್ಕಿನಲ್ಲಿ ಇನ್ನೊಂದು ಇದ್ದರೆ ಸಾಕು. ಜೋಡಿಸಿಡದ ಡಿಸ್ಕಿಗೆ ಸರ್ವರಿಗೆ ನುಗ್ಗಿದವನ ಕೈ ತಲುಪುವುದಿಲ್ಲ. ಡೇಟಾಬೇಸ್ ಪ್ರತಿಯಲ್ಲಿ ಬಳಕೆದಾರರ ಇಮೇಲ್ ವಿಳಾಸ, ಗೂಢಲಿಪಿಗೆ ತಿರುಗಿಸಿದ ಪಾಸ್‌ವರ್ಡ್‌ಗಳೂ ಇರುತ್ತವೆ. ಆದ್ದರಿಂದ ಅದಕ್ಕೆ ಬೀಗಮುದ್ರೆ ಇರಲಿ, ಬ್ರೌಸರಿನಲ್ಲಿ ವಿಳಾಸ ಹಾಕಿದರೆ ತೆರೆದುಕೊಳ್ಳುವ ಫೋಲ್ಡರಿನಲ್ಲಂತೂ ಅದು ಇರಲೇಬಾರದು.

ಎಷ್ಟು ಹಳೆಯ ಪ್ರತಿಗಳನ್ನು ಉಳಿಸಬೇಕು ಎಂಬುದೂ ಯೋಚಿಸಬೇಕಾದ ವಿಷಯ. ಯಾರು ಬೇಕಾದರೂ ಖಾತೆ ತೆರೆಯಬಹುದಾದ ವಿಕಿಯನ್ನು ನಾಲ್ಕು ವಾರ ಯಾರೂ ನೋಡದೆ ಬಿಟ್ಟರೆ ಜಾಹೀರಾತು ಹಾಕುವ ಸ್ವಯಂಚಾಲಿತ ಬಾಟ್‌ಗಳು ರಾಶಿ ರಾಶಿ ಕಸದ ಪುಟ ತುಂಬುತ್ತವೆ. ಅದನ್ನು ತಡೆಯಲು ಕನ್‌ಫರ್ಮ್‌ಎಡಿಟ್ ಎಂಬ ವಿಸ್ತರಣೆ ಇದೆ. ಅದರಲ್ಲಿ ನಮ್ಮದೇ ಪ್ರಶ್ನೆ ಇಡುವ ಸೌಲಭ್ಯವಿದೆ. ಕನ್ನಡ ಬಲ್ಲವರು ಥಟ್ಟನೆ ಉತ್ತರಿಸುವ, ಊರಿಗೆ ಸಂಬಂಧಿಸಿದ ಒಂದು ಪ್ರಶ್ನೆಯನ್ನು ಕನ್ನಡದಲ್ಲೇ ಕೇಳಿದರೆ ಬಾಟ್‌ಗಳ ಕಾಟ ಬಹಳಷ್ಟು ತಗ್ಗುತ್ತದೆ. ಆದರೂ ದೋಷವೊಂದು ತಿಂಗಳುಗಟ್ಟಲೆ ಗಮನಕ್ಕೆ ಬಾರದೆ ಹೋಗಬಹುದು. ಆಗ ಕಳೆದ ವಾರದ ಪ್ರತಿ ಮಾತ್ರ ಇದ್ದರೆ ಅದರಲ್ಲೂ ಅದೇ ದೋಷ ಇರುತ್ತದೆ. ಕಳೆದ ಏಳು ದಿನಗಳ ದಿನಕ್ಕೊಂದು ಪ್ರತಿ, ನಾಲ್ಕು ವಾರಗಳ ವಾರಕ್ಕೊಂದು, ಹನ್ನೆರಡು ತಿಂಗಳುಗಳ ತಿಂಗಳಿಗೊಂದು ಎಂದು ಇಟ್ಟುಕೊಂಡರೆ ಹಿಂದೆ ಹೋಗಲು ದಾರಿ ಇರುತ್ತದೆ. ತಂತ್ರಾಂಶ ಮೇಲ್ದರ್ಜೆಗೇರಿಸುವ ಮುನ್ನ ಪ್ರತ್ಯೇಕವಾಗಿ ಇನ್ನೊಂದು ಪ್ರತಿ ತೆಗೆಯಲೇಬೇಕು. ಮೀಡಿಯಾವಿಕಿಯ ‘ಅಪ್‌ಡೇಟ್’ ಕಾರ್ಯಕ್ರಮ ಡೇಟಾಬೇಸಿನ ರಚನೆಯನ್ನೇ ಬದಲಿಸುತ್ತದೆ. ಆ ಬದಲಾವಣೆಯಿಂದ ಹಿಂದಕ್ಕೆ ಬರಲು ಹಳೆಯ ಪ್ರತಿಯೊಂದೇ ದಾರಿ. ಹಾಗೆಂದು ಮೇಲ್ದರ್ಜೆಗೇರಿಸದೆ ಕೂರುವುದೂ ಸರಿಯಲ್ಲ, ಹಳೆಯ ಆವೃತ್ತಿಗಳ ಬಿರುಕುಗಳಿಂದಲೇ ಕಳ್ಳರು ನುಗ್ಗುವುದು. 2024ರ ಡಿಸೆಂಬರ್‌ನಲ್ಲಿ ಬಂದ 1.43ರಂಥ ದೀರ್ಘಾವಧಿ ಬೆಂಬಲದ ಆವೃತ್ತಿಗಳಿಗೆ ಮೂರು ವರ್ಷ ಸುರಕ್ಷತಾ ತಿದ್ದುಪಡಿ ಸಿಗುತ್ತದೆ. ಸಣ್ಣ ವಿಕಿಗಳಿಗೆ ಅವೇ ಸೂಕ್ತ.

ಇಷ್ಟೆಲ್ಲ ಮಾಡಿದ ಮೇಲೂ ಬಹುಮುಖ್ಯವಾದ ಒಂದು ಕೆಲಸ ಉಳಿದಿರುತ್ತದೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ತಂತ್ರಾಂಶ ತಾಣದಲ್ಲಿ ನಡೆದ ಘಟನೆ ಅದನ್ನು ಜಗತ್ತಿಗೇ ಕಲಿಸಿತು. ತಡರಾತ್ರಿ ಕೆಲಸ ಮಾಡುತ್ತಿದ್ದ ಎಂಜಿನಿಯರ್ ಒಬ್ಬರು ಸಹಾಯಕ ಸರ್ವರ್ ಎಂದುಕೊಂಡು ಮುಖ್ಯ ಸರ್ವರಿನ ಡೇಟಾಬೇಸನ್ನೇ ಅಳಿಸತೊಡಗಿದರು. ತಿಳಿದು ತಡೆಯುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್ಪಿಗೆಂದು ಅಲ್ಲಿ ಐದು ಬಗೆಯ ಏರ್ಪಾಡುಗಳಿದ್ದವು. ಬೇಕಾದ ಹೊತ್ತಿಗೆ ಒಂದೂ ನೆಟ್ಟಗೆ ಒದಗಲಿಲ್ಲ. ನಿತ್ಯದ ಡೇಟಾಬೇಸ್ ಪ್ರತಿ ತೆಗೆಯುವ ಸಾಧನದ ಆವೃತ್ತಿ ಡೇಟಾಬೇಸಿಗೆ ಹೊಂದದೆ ಪ್ರತಿ ತೆಗೆಯುವ ಕೆಲಸ ಸದ್ದಿಲ್ಲದೆ ವಿಫಲವಾಗುತ್ತಿತ್ತು. ವಿಫಲವಾಗಿದೆ ಎಂದು ತಿಳಿಸುವ ಇಮೇಲ್‌ಗಳೂ ತಿರಸ್ಕೃತವಾಗಿ ಯಾರನ್ನೂ ತಲುಪುತ್ತಿರಲಿಲ್ಲ. ಬೇರೊಂದು ಕೆಲಸಕ್ಕಾಗಿ ಆರು ಗಂಟೆ ಮೊದಲು ಕೈಯಾರೆ ತೆಗೆದಿದ್ದ ಒಂದು ಪ್ರತಿ ಸಂಸ್ಥೆಯನ್ನು ಉಳಿಸಿತು. ಆ ಆರು ಗಂಟೆಗಳ ಮಾಹಿತಿ ಮರಳಲಿಲ್ಲ. ನಡೆದದ್ದನ್ನೆಲ್ಲ ಗಿಟ್‌ಲ್ಯಾಬ್ ಮುಚ್ಚಿಡದೆ ಪ್ರಕಟಿಸಿತು. ಅದಕ್ಕಾಗಿ ಆ ಸಂಸ್ಥೆಯನ್ನು ಮೆಚ್ಚಬೇಕು.

ನಮ್ಮ ರೈತರು ಎತ್ತಿಟ್ಟ ಬೀಜವನ್ನು ನೇರವಾಗಿ ಹೊಲಕ್ಕೆ ಹಾಕುವುದಿಲ್ಲ. ಒಂದು ಹಿಡಿ ಕಾಳನ್ನು ಒದ್ದೆ ಗೋಣಿತಾಟಿನಲ್ಲಿ ಸುತ್ತಿಟ್ಟು, ಎಷ್ಟು ಮೊಳಕೆ ಬಂದವು ಎಂದು ನೋಡಿ ಬಿತ್ತನೆಗೆ ಇಳಿಯುತ್ತಾರೆ. ಬ್ಯಾಕಪ್ಪಿಗೂ ಇಂಥ ಮೊಳಕೆ ಪರೀಕ್ಷೆ ಬೇಕು. ಮೂರು ತಿಂಗಳಿಗೊಮ್ಮೆ ಬೇರೊಂದು ಕಂಪ್ಯೂಟರಿನಲ್ಲಿ ಮೀಡಿಯಾವಿಕಿ ಹಾಕಿ, ತೆಗೆದಿಟ್ಟ ಪ್ರತಿಯನ್ನು ತುಂಬಿ, ವಿಕಿ ಎದ್ದು ನಿಲ್ಲುತ್ತದೆಯೇ ಎಂದು ನೋಡಬೇಕು. ಪುಟಗಳ ಸಂಖ್ಯೆ ತಾಳೆಯಾಗುತ್ತದೆಯೇ, ಚಿತ್ರಗಳು ಕಾಣುತ್ತವೆಯೇ, ಕನ್ನಡ ಸರಿಯಾಗಿ ಮೂಡುತ್ತದೆಯೇ, ಇತಿಹಾಸ ಪುಟ ತೆರೆಯುತ್ತದೆಯೇ, ಪರಿಚಿತ ಬಳಕೆದಾರರೊಬ್ಬರು ಲಾಗಿನ್ ಆಗಬಲ್ಲರೇ ಎಂದು ಪರಿಶೀಲಿಸಬೇಕು. ಎಷ್ಟು ಹೊತ್ತು ಹಿಡಿಯಿತು, ಎಲ್ಲಿ ತೊಡಕಾಯಿತು ಎಂದು ಬರೆದಿಡಬೇಕು. ವಿಕಿಮೀಡಿಯದಂಥ ದೊಡ್ಡ ಸಂಸ್ಥೆಯೂ ಅಭ್ಯಾಸ ಬಿಟ್ಟಿಲ್ಲ. ವರ್ಷಕ್ಕೆ ಎರಡು ಸಲ ತನ್ನ ತಾಣಗಳ ಹೊಣೆಯನ್ನು ವರ್ಜೀನಿಯಾದ ಕೇಂದ್ರದಿಂದ ಟೆಕ್ಸಸ್‌ನ ಕೇಂದ್ರಕ್ಕೋ ಅಲ್ಲಿಂದ ಇಲ್ಲಿಗೋ ಬೇಕೆಂದೇ ವರ್ಗಾಯಿಸುತ್ತದೆ. ಆಗ ಕೆಲವು ನಿಮಿಷ ಸಂಪಾದನೆ ನಿಂತಿರುತ್ತದೆ ಎಂಬ ಸೂಚನೆಯನ್ನು ಕನ್ನಡ ವಿಕಿಪೀಡಿಯದ ಸಂಪಾದಕರೂ ಕಂಡಿರುತ್ತಾರೆ.

ಕೊನೆಯದಾಗಿ ಮನುಷ್ಯರ ವಿಷಯ. ಅನೇಕ ವಿಕಿಗಳು ತಂತ್ರಜ್ಞಾನ ಕೈಕೊಟ್ಟು ಸಾಯುವುದಿಲ್ಲ. ಡೊಮೈನ್ ಹೆಸರು ಒಬ್ಬರ ಸ್ವಂತ ಇಮೇಲಿನಲ್ಲಿ ನೋಂದಣಿಯಾಗಿರುತ್ತದೆ, ಸರ್ವರಿನ ಪಾಸ್‌ವರ್ಡ್ ಅವರಿಗೆ ಮಾತ್ರ ಗೊತ್ತಿರುತ್ತದೆ. ಅವರು ಕೆಲಸ ಬದಲಿಸಿದರೆ, ಕಾಯಿಲೆ ಬಿದ್ದರೆ, ತೀರಿಕೊಂಡರೆ ಉಳಿದವರಿಗೆ ದಾರಿ ಕಾಣುವುದಿಲ್ಲ. ಕನಿಷ್ಠ ಇಬ್ಬರ ಕೈಯಲ್ಲಿ ಕೀಲಿ ಇರಬೇಕು. ವಿಕಿಯಲ್ಲಿ ಅಧಿಕಾರ ಕೊಡುವ ಮೇಲ್ವಿಚಾರಕರೂ ಇಬ್ಬರಿರಬೇಕು. ಮರುಸ್ಥಾಪನೆಯ ಹೆಜ್ಜೆಗಳನ್ನು ಸರಳ ಕನ್ನಡದಲ್ಲಿ ಕಾಗದದ ಮೇಲೆ ಬರೆದಿಟ್ಟಿರಬೇಕು. ಆ ಹೆಜ್ಜೆಗಳು ಆ ವಿಕಿಯಲ್ಲೇ ಇದ್ದರೆ ವಿಕಿ ಬಿದ್ದ ದಿನ ಅವೂ ಸಿಗುವುದಿಲ್ಲ. ಬೇರೆಯವರ ಉಚಿತ ಸೇವೆಯಲ್ಲಿ ವಿಕಿ ಇಟ್ಟವರಿಗೂ ಈ ಮಾತು ಅನ್ವಯಿಸುತ್ತದೆ. ಶಿಕ್ಷಕರು ಹೆಚ್ಚಾಗಿ ಬಳಸುತ್ತಿದ್ದ ವಿಕಿಸ್ಪೇಸಸ್ 2018ರಲ್ಲಿ ಉಚಿತ ವಿಕಿಗಳನ್ನು ಮುಚ್ಚಿತು. ಮುಂಚಿತವಾಗಿ ತಿಳಿಸಿತ್ತು ನಿಜ, ಆದರೆ ಸೂಚನೆ ಓದದವರ ಪಾಲಿಗೆ ವರ್ಷಗಳ ಪಾಠ ಟಿಪ್ಪಣಿಗಳು ಕೈತಪ್ಪಿದವು. ಮುಳುಗುವ ವಿಕಿಗಳನ್ನು ಹುಡುಕಿ ಪ್ರತಿ ತೆಗೆದು ಇಂಟರ್‌ನೆಟ್ ಆರ್ಕೈವ್‌ಗೆ ಸೇರಿಸುವ ವಿಕಿಟೀಮ್ ಎಂಬ ಸ್ವಯಂಸೇವಕರ ಬಳಗವಿದೆ. ಅವರ ಕೆಲಸ ದೊಡ್ಡದು. ಆದರೆ ನಮ್ಮ ಊರಿನ ವಿಕಿ ಮುಚ್ಚುವುದು ಅವರಿಗೆ ಗೊತ್ತಾಗುವ ಹೊತ್ತಿಗೆ ತಡವಾಗಿರಬಹುದು.

ಕನ್ನಡದ ಗ್ರಾಮನಾಮಗಳು, ಪ್ರಾದೇಶಿಕ ಪದಗಳು, ಸ್ಥಳೀಯ ಇತಿಹಾಸ ಇಂಥವು ಎಷ್ಟೋ ಸಲ ಇರುವುದು ಯಾವುದೋ ಒಂದು ಸಣ್ಣ ವಿಕಿಯಲ್ಲಿ ಮಾತ್ರ. ಅವನ್ನು ಬರೆದವರು ಸಂಬಳಕ್ಕಾಗಿ ಬರೆದವರಲ್ಲ; ತಮ್ಮ ಬಿಡುವಿನ ಸಂಜೆಗಳನ್ನು ಕೊಟ್ಟವರು. ಆ ಶ್ರಮಕ್ಕೆ ನಿರ್ವಾಹಕರು ಸಲ್ಲಿಸಬೇಕಾದ ಮೊದಲ ಗೌರವವೆಂದರೆ ಅದು ಕಳೆದುಹೋಗದಂತೆ ನೋಡಿಕೊಳ್ಳುವುದು. ನೀವು ವಿಕಿಯೊಂದರ ನಿರ್ವಾಹಕರಾಗಿದ್ದರೆ ಈ ವಾರ ಒಂದು ಸಂಜೆ ಇದಕ್ಕೆಂದು ಎತ್ತಿಡಿ. ಪ್ರತಿ ತೆಗೆಯಿರಿ, ಬೇರೆ ಯಂತ್ರದಲ್ಲಿ ತುಂಬಿ ನೋಡಿ, ಇನ್ನೊಬ್ಬರಿಗೆ ಕೀಲಿ ಕೊಡಿ. ನೀವು ಬರೆಯುವವರು ಮಾತ್ರ ಆಗಿದ್ದರೆ ನಿಮ್ಮ ನಿರ್ವಾಹಕರನ್ನು ಕೇಳಿ: ನಮ್ಮ ವಿಕಿಯನ್ನು ಬ್ಯಾಕಪ್ಪಿನಿಂದ ಕೊನೆಯ ಸಲ ಎಬ್ಬಿಸಿ ನೋಡಿದ್ದು ಯಾವಾಗ? ಅವರು ದಿನಾಂಕ ಹೇಳಿದರೆ ನಿಶ್ಚಿಂತೆಯಿಂದ ಬರೆಯಿರಿ. ಹೇಳದಿದ್ದರೆ, ಮುಂದಿನ ಲೇಖನ ಬರೆಯುವ ಮೊದಲು ಅವರ ಜೊತೆ ಕುಳಿತು ಆ ಕೆಲಸ ಮುಗಿಸಿ.